ಗ್ಯಾಸೂ ಅಲ್ಲ, ಬಟ್ಟಿಯೂ ಅಲ್ಲ

“ಬಟ್ಟಿ ಸರದೈತಿ, ತಿಕ್ಕಿಸಿಕೊಂಡ್ರ ಹೋಗತೈತಿ.”

ಹೊಟ್ಟೆನೋವು ಎಂದೊಡನೆ ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಬರುವ ಮಾತಿದು (ಬಟ್ಟಿ ಸರಿಯುವುದೆಂದರೆ ಹೊಕ್ಕುಳು ಜರುಗುವುದು). ಇಲ್ಲವೇ ಗ್ಯಾಸ್ ಎಂದು ಸೋಡಾ ಕುಡಿಸಿ ತೇಗಿಗೆ ಕಾಯುತ್ತಾರೆ. ಎಷ್ಟೋ ನೋವು ತಾನಾಗಿಯೇ ಇಳಿಯುವುದರಿಂದ ಈ ನಂಬಿಕೆ ಗಟ್ಟಿಯಾಗಿ ಕೂತಿದೆ. ಆದರೆ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ್ದಾದರೆ, ಅಂದರೆ ಪ್ಯಾಂಕ್ರಿಯಾಟೈಟಿಸ್ ಆದರೆ, ಹೀಗೆ ಕಾಯುವುದು ಜೀವಕ್ಕೇ ಕುತ್ತು. ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಇದೆ. ಉರಿಯೂತವಾದಾಗ, ಕರುಳಿಗೆ ಹೋಗಿ ಊಟ ಅರಗಿಸಬೇಕಾದ ಅದರ ರಸ ಒಳಗೇ ಚುರುಕಾಗಿ ಗ್ರಂಥಿಯನ್ನೇ ಸುಡತೊಡಗುತ್ತದೆ. ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಅನೇಕರಿಗೆ ಬೆನ್ನಿಗೆ ಹಾಯುತ್ತದೆ. ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿದರೆ ತುಸು ಕಡಿಮೆ. ಮನೆಯವರು ನೋಡಬೇಕಾದದ್ದು ಈ ಭಂಗಿಯನ್ನು: ರೋಗಿ ಮಂಚದ ಅಂಚಿಗೆ ಕುಳಿತು, ದಿಂಬನ್ನು ಹೊಟ್ಟೆಗೆ ಅವುಚಿ, ಬಾಗಿಕೊಂಡೇ ಇರುತ್ತಾನೆ. ಅಂಥವರನ್ನು ಬಟ್ಟಿ ತಿಕ್ಕಲು ಅಂಗಾತ ಮಲಗಿಸಬೇಡಿ. ವೈದ್ಯರಿಗೆ ಈ ಭಂಗಿಯ ವಿಷಯ ತಪ್ಪದೆ ಹೇಳಿ.

“ವಾಂತಿ ಆದ್ರ ಪಿತ್ತ ಹೊರಗ ಬಿದ್ದು ಹಗುರಾಗತೈತಿ.”

ಈ ಕಾಯಿಲೆಯಲ್ಲಿ ಎಷ್ಟು ವಾಂತಿಯಾದರೂ ನೋವು ಕದಲುವುದಿಲ್ಲ. ಜೊತೆಗೆ ಜ್ವರ, ಹೊಟ್ಟೆ ಉಬ್ಬರ, ಓಡುವ ನಾಡಿ ಇರಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಮೇಲುಸಿರು ಬಂದರೆ, ಮಂಪರು ಕವಿದರೆ ತಕ್ಷಣ 108ಕ್ಕೆ ಕರೆ ಮಾಡಿ.

“ಇದು ಕುಡಿಯೋರ ಜಡ್ಡು.”

ನನ್ನನ್ನು ಹೆಚ್ಚು ಕಾಡುವ ಮಾತಿದು. ಮದ್ಯ ದೊಡ್ಡ ಕಾರಣವೇ, ಸುಳ್ಳಲ್ಲ. ಪಿತ್ತಕೋಶದ ಹರಳು ಕೂಡ ಅಷ್ಟೇ ದೊಡ್ಡ ಕಾರಣ, ಮತ್ತು ಹರಳು ಹೆಂಗಸರಲ್ಲೇ ಹೆಚ್ಚು. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂರುವ, ಒಂದು ಹನಿ ಸೆರೆ ಮುಟ್ಟದ ಹೆಣ್ಣುಮಗಳಿಗೂ ಇದು ಬರಬಹುದು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 1000 ಮಿ.ಗ್ರಾಂ ದಾಟಿದರೂ ಬರಬಹುದು. ಕುಡಿತದ ಅಪವಾದಕ್ಕೆ ಅಂಜಿ ಯಾರೂ ನೋವನ್ನು ನುಂಗಿಕೊಂಡು ಕೂರಬಾರದು. ಕುಡಿಯುವವರೂ ವೈದ್ಯರ ಮುಂದೆ ಅದನ್ನು ಮುಚ್ಚಿಡಬಾರದು. ರೊಟ್ಟಿಯ ಜೊತೆಗಿನ ಖಾರದ ಹಿಂಡಿಯಂತೂ ಇದಕ್ಕೆ ಕಾರಣವಲ್ಲ.

“ಸ್ಕ್ಯಾನಿಂಗ್‌ದಾಗ ಏನೂ ಇಲ್ಲಂದಾರ.”

ಕರುಳಿನ ಗಾಳಿ ಅಡ್ಡ ಬಂದರೆ ಗ್ರಂಥಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಕಾಣದು. ಆ ಸ್ಕ್ಯಾನಿಂಗ್ ಮುಖ್ಯವಾಗಿ ಹರಳು ಹುಡುಕಲು. ಗುರುತು ಸಿಗುವುದು ರಕ್ತದ ಲೈಪೇಸ್ ಪರೀಕ್ಷೆಯಲ್ಲಿ: ಇಂಥ ನೋವಿನ ಜೊತೆ ಅದು ಸಾಮಾನ್ಯ ಮಿತಿಯ 3 ಪಟ್ಟಾದರೂ ಏರಿದ್ದರೆ ರೋಗ ಖಚಿತ. ಹೃದಯಾಘಾತದ ನೋವೂ ಇದೇ ಜಾಗದಲ್ಲಿ ಬರುವುದುಂಟು, ಆದ್ದರಿಂದ ಇಸಿಜಿಯೂ ಬೇಕು. ಮೆಡಿಕಲ್ ಶಾಪಿನ ನೋವಿನ ಗುಳಿಗೆ ನುಂಗಿ ದಿನ ದೂಡದೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ಕುಮಾರೇಶ್ವರ ಆಸ್ಪತ್ರೆಗೋ ಹೋಗಿ. ಮೊದಲ ದಿನದ ಸಲಾಯಿನ್ ಇಲ್ಲಿ ನಿಜವಾದ ಚಿಕಿತ್ಸೆ.

“ನೋವು ಹೋತಲ್ಲ, ಇನ್ನ ಆಪರೇಷನ್ ಯಾಕ?”

ಹರಳು ಒಳಗೇ ಇದ್ದರೆ ಕೆಲವೇ ವಾರಗಳಲ್ಲಿ ನೋವು ಮರಳಬಹುದು, ಮುಂದಿನ ಸಲ ಇನ್ನೂ ಜೋರಾಗಿ. ಹರಳಿನಿಂದ ಬಂದ ಕಾಯಿಲೆ ಸೌಮ್ಯವಾಗಿದ್ದರೆ ಮನೆಗೆ ಬರುವ ಮೊದಲೇ, ಅದೇ ದಾಖಲಾತಿಯಲ್ಲಿ, ಪಿತ್ತಕೋಶ ತೆಗೆಸಿಕೊಳ್ಳುವುದು ಒಳ್ಳೆಯದು.