ಕೆನ್ಯಾ ಪ್ರವಾಸ: ಸಿಂಹಕ್ಕೆ ಮೊದಲು ಸೊಳ್ಳೆಗೆ ಹೆದರಿ

ಕೆನ್ಯಾ ಎಂದೊಡನೆ ಕಣ್ಣ ಮುಂದೆ ಬರುವುದು ಕೊನೆಯಿಲ್ಲದ ಹುಲ್ಲುಗಾವಲು, ಅದರಲ್ಲಿ ಹೊಂಚು ಹಾಕಿ ಕುಳಿತ ಸಿಂಹ. ಟಿ.ವಿ. ಪರದೆಯ ಮೇಲೆ ಅದನ್ನು ಕಂಡ ಮಕ್ಕಳು ‘ನಾವೂ ಹೋಗೋಣ’ ಎಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆಗ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆಯೂ ಸಿಂಹದ್ದೇ: ಅಪಾಯವಿಲ್ಲವೇ?

ವಾಹನದಿಂದ ಇಳಿಯದೆ, ಮಾರ್ಗದರ್ಶಿಯ ಮಾತು ಮೀರದೆ ಇರುವ ಪ್ರವಾಸಿಗೆ ಸಿಂಹದಿಂದ ಅಪಾಯ ತೀರ ಕಡಿಮೆ. ಅಲ್ಲಿ ನಿಜವಾಗಿ ಹೆದರಬೇಕಾದ ಜೀವಿಗೆ ಘರ್ಜನೆಯಿಲ್ಲ. ಕಿವಿಯ ಬಳಿ ಗುಂಯ್ ಎನ್ನುವ ಸದ್ದಷ್ಟೇ. ಅದು ಸೊಳ್ಳೆ! ಕೆನ್ಯಾ ಪ್ರವಾಸದ ಸಿದ್ಧತೆ ವಿಮಾನದ ಟಿಕೆಟಿನಿಂದಲ್ಲ, ಸೊಳ್ಳೆಯಿಂದ ಆರಂಭವಾಗಬೇಕು.

ಹತ್ತು ದಿನದ ಲೆಕ್ಕ

ಕೆನ್ಯಾ 2024ರ ಜನವರಿಯಲ್ಲಿ ವೀಸಾ ಪದ್ಧತಿಯನ್ನೇ ಕೈಬಿಟ್ಟಿತು. ಅದರ ಬದಲು ಹೊರಡುವ ಮುನ್ನ ಇಂಟರ್‌ನೆಟ್ ಮೂಲಕ ಅರ್ಜಿ ಹಾಕಿ ಪ್ರವೇಶದ ಅನುಮತಿ ಪಡೆಯುವ ವ್ಯವಸ್ಥೆ ಬಂತು. ಇಷ್ಟಾದರೆ ಕಾಗದಪತ್ರದ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಆದರೆ ತೊಡಕು ಎದುರಾಗುವುದು ಹೋಗುವಾಗ ಅಲ್ಲ, ಮರಳುವಾಗ.

ಭಾರತ ಸರ್ಕಾರದ ದೃಷ್ಟಿಯಲ್ಲಿ ಕೆನ್ಯಾ ಹಳದಿ ಜ್ವರ ಇರುವ ದೇಶ. ಅಲ್ಲಿಂದ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸದಿದ್ದರೆ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಕೆನ್ಯಾದ ಎಲ್ಲ ಭಾಗಗಳಲ್ಲೂ ಈ ರೋಗದ ಭಯ ಒಂದೇ ಸಮ ಇಲ್ಲ, ನಿಜ. ಆದರೆ ‘ನಾವು ನೈರೋಬಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ’ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಮರುದಿನ ಪರೀಕ್ಷೆ ಬರೆಯಬೇಕಾದ ವಿದ್ಯಾರ್ಥಿಗೆ ಆರು ದಿನದ ಏಕಾಂತ ಎಷ್ಟು ದುಬಾರಿ ಎಂಬುದನ್ನು ಹೇಳಬೇಕಾಗಿಲ್ಲ.

ಇಷ್ಟೊಂದು ಬಿಗಿ ಏಕೆ? ಹಳದಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ನಮ್ಮಲ್ಲಿ ಹೇರಳ. ಡೆಂಗಿ ಹರಡುವುದೂ ಅದೇ. ಸೊಳ್ಳೆ ಇದೆ, ಕೋಟ್ಯಂತರ ಜನರಿದ್ದಾರೆ, ಅವರಲ್ಲಿ ಈ ರೋಗದ ವಿರುದ್ಧ ನಿರೋಧ ಶಕ್ತಿ ಇಲ್ಲ. ಇಲ್ಲದಿರುವುದು ವೈರಸ್ ಒಂದೇ. ಸೋಂಕು ತಗಲಿದ ಒಬ್ಬ ಪ್ರಯಾಣಿಕ ಅದನ್ನು ಹೊತ್ತು ತಂದರೆ ಊರಿಗೇ ಬೆಂಕಿ ಬಿದ್ದಂತೆ. ಪ್ರಮಾಣಪತ್ರ ಕೇಳುವ ಅಧಿಕಾರಿ ಕಾಯುತ್ತಿರುವುದು ಪ್ರಯಾಣಿಕನನ್ನು ಮಾತ್ರವಲ್ಲ, ಅವನ ಬೀದಿಯವರನ್ನೂ.

ಸಮಾಧಾನದ ಸಂಗತಿಯೆಂದರೆ ಲಸಿಕೆ ಬಹಳ ಪರಿಣಾಮಕಾರಿ. ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ರೂಪಿಸಿದ ಈ ಲಸಿಕೆ ಅವರಿಗೆ 1951ರ ನೊಬೆಲ್ ಪ್ರಶಸ್ತಿ ತಂದಿತು. ಒಮ್ಮೆ ಚುಚ್ಚಿಸಿಕೊಂಡರೆ ಸಾಕು. 2016ರಿಂದ ಅದರ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಆದರೆ ಅದು ಜಾರಿಗೆ ಬರುವುದು ಚುಚ್ಚುಮದ್ದು ಪಡೆದ ಹತ್ತು ದಿನಗಳ ನಂತರ. ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಹಲವು ಕೇಂದ್ರಗಳಲ್ಲಿ ಅದಕ್ಕೆ ವಾರದ ನಿಗದಿತ ದಿನಗಳಿರುತ್ತವೆ. ಆದ್ದರಿಂದ ಒಂದು ತಿಂಗಳು ಮೊದಲೇ ವಿಚಾರಿಸುವುದು ಜಾಣತನ. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ಈ ಲಸಿಕೆ ಸಾಮಾನ್ಯವಾಗಿ ಸಲ್ಲದು. ಗರ್ಭಿಣಿಯರು, ಮೊಟ್ಟೆ ಒಗ್ಗದವರು, ರೋಗನಿರೋಧ ಶಕ್ತಿ ಕುಂದಿದವರು, 60 ದಾಟಿದ ಅಜ್ಜ-ಅಜ್ಜಿಯರು ವೈದ್ಯರ ಸಲಹೆಯಿಲ್ಲದೆ ಇದನ್ನು ತೆಗೆದುಕೊಳ್ಳಬಾರದು.

ಮನೆಗೆ ಬಂದ ಮೇಲೂ ಎಚ್ಚರ

ಹಳದಿ ಜ್ವರಕ್ಕೆ ಲಸಿಕೆಯ ಕವಚ ಉಂಟು. ಪ್ರವಾಸಿಯನ್ನು ಹೆಚ್ಚಾಗಿ ಕಾಡುವ ಮಲೇರಿಯಕ್ಕೆ ಅಂಥ ಸುಲಭ ಕವಚವಿಲ್ಲ. ನಮ್ಮ ಕರಾವಳಿಯವರಿಗೆ ಮಲೇರಿಯ ಹೊಸದಲ್ಲ. ಆದರೆ ಮಂಗಳೂರಿನ ಕಡೆ ಹೆಚ್ಚಾಗಿ ಕಾಣುವುದು ವೈವಾಕ್ಸ್ ಬಗೆ. ಕೆನ್ಯಾದಲ್ಲಿ ಮುಖ್ಯವಾಗಿ ಇರುವುದು ಫಾಲ್ಸಿಪೇರಮ್. ಚಿಕಿತ್ಸೆ ತಡವಾದರೆ ಮಿದುಳಿಗೇ ತಟ್ಟಿ ಪ್ರಾಣ ತೆಗೆಯುವ ಬಗೆ ಅದು. ‘ನಮಗೆ ಮಲೇರಿಯ ಗೊತ್ತು’ ಎಂಬ ಉದಾಸೀನ ಅಲ್ಲಿ ಸಲ್ಲದು.

ಎತ್ತರದಲ್ಲಿರುವ ನೈರೋಬಿಯಲ್ಲಿ ಅಪಾಯ ಕಡಿಮೆ. ಮೊಂಬಾಸದ ಕಡಲತೀರ, ವಿಕ್ಟೋರಿಯ ಸರೋವರದ ಸುತ್ತಮುತ್ತ ಹೆಚ್ಚು. ಹಳೆಯ ಕ್ಲೋರೋಕ್ವಿನ್ ಗುಳಿಗೆ ಅಲ್ಲಿ ಕೆಲಸ ಮಾಡದು. ಯಾವ ಮಾತ್ರೆ ಸೂಕ್ತ ಎಂಬುದನ್ನು ವಯಸ್ಸು, ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಕೆಲವನ್ನು ಮರಳಿದ ಮೇಲೆ ಒಂದು ವಾರ, ಇನ್ನು ಕೆಲವನ್ನು ನಾಲ್ಕು ವಾರ ನುಂಗಬೇಕು. ಊರು ಸೇರಿದ ಸಂಭ್ರಮದಲ್ಲಿ ನಡುವೆಯೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಮಲೇರಿಯದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾನೆಯವರೆಗೆ. ಈಡಿಸ್ ಕಚ್ಚುವುದು ಹಗಲಿನಲ್ಲಿ. ಹೀಗಾಗಿ ತುಂಬುತೋಳಿನ ಅಂಗಿ, ಸೊಳ್ಳೆ ನಿವಾರಕ, ರಾತ್ರಿ ಪರದೆ ಮೂರೂ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮರಳಿದ ಕೆಲವು ವಾರಗಳ ನಂತರವೂ, ಒಮ್ಮೊಮ್ಮೆ ತಿಂಗಳುಗಳ ನಂತರವೂ ಈ ಜ್ವರ ಕಾಣಿಸಿಕೊಳ್ಳಬಹುದು. ಮಗುವಿಗೆ ಮೈ ಬಿಸಿಯಾದರೆ ‘ಪ್ರಯಾಣದ ಆಯಾಸ’ ಎಂದು ಕಷಾಯ ಕುಡಿಸಿ ಮಲಗಿಸದೆ, ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ‘ಕೆನ್ಯಾಕ್ಕೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಆ ಒಂದು ವಾಕ್ಯ ಜೀವ ಉಳಿಸಬಲ್ಲದು.

ಬೇಸಿಗೆ ರಜೆ ಬೇಡ, ದಸರೆ ಇರಲಿ

ನಮ್ಮಲ್ಲಿ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಕೆನ್ಯಾದಲ್ಲಿ ದೊಡ್ಡ ಮಳೆಗಾಲವೂ ಆಗಲೇ! ಮಾರ್ಚಿಯಿಂದ ಮೇವರೆಗೆ ಕಾಡಿನ ದಾರಿಗಳು ಕೆಸರಾಗಿ ಚಕ್ರ ಹೂತುಹೋಗುತ್ತದೆ. ಎತ್ತರದ ಹುಲ್ಲಿನ ಮರೆಯಲ್ಲಿ ಪ್ರಾಣಿಗಳು ಕಾಣುವುದೂ ಕಷ್ಟ. ಜುಲೈಯಿಂದ ಅಕ್ಟೋಬರ್‌ವರೆಗೆ ಟಾಂಜಾನಿಯದ ಸೆರೆಂಗೆಟಿಯಿಂದ ವಿಲ್ಡಬೀಸ್ಟ್ ಹಿಂಡುಗಳು ಹುಲ್ಲು ಅರಸಿ ಮಸಾಯಿ ಮಾರಾಕ್ಕೆ ಬರುತ್ತವೆ. ಈ ವಲಸೆಯಲ್ಲಿ ಪಾಲ್ಗೊಳ್ಳುವ ಪ್ರಾಣಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಮೊಸಳೆಗಳಿರುವ ಮಾರಾ ನದಿಗೆ ಅವು ಧುಮುಕುವ ದೃಶ್ಯಕ್ಕಾಗಿ ಜಗತ್ತೇ ಕಾದು ಕುಳಿತಿರುತ್ತದೆ. ಹಾಗಾಗಿ ಕನ್ನಡ ನಾಡಿನ ಕುಟುಂಬಕ್ಕೆ ಅನುಕೂಲವಾದುದು ದಸರೆಯ ರಜೆಯೇ.

ಜೇಬಿನ ಲೆಕ್ಕವನ್ನೂ ಮರೆಯುವಂತಿಲ್ಲ. ಮಸಾಯಿ ಮಾರಾದಲ್ಲಿ ಹೊರದೇಶದ ವಯಸ್ಕರ ಪ್ರವೇಶ ಶುಲ್ಕ 2024ರ ಮೊದಲರ್ಧದಲ್ಲಿ ದಿನಕ್ಕೆ 100 ಡಾಲರ್ ಇದ್ದದ್ದು ಆ ಜುಲೈಯಲ್ಲಿ 200 ಡಾಲರಿಗೆ ಏರಿತು. ವಲಸೆಯ ಕಾಲಕ್ಕೆ ಬೆಲೆಯೂ ವಲಸೆ ಹೋಗುತ್ತದೆ! ಅಷ್ಟು ಖರ್ಚು ಬೇಡವೆನ್ನುವವರಿಗೆ ನೈರೋಬಿ ರಾಷ್ಟ್ರೀಯ ಉದ್ಯಾನವಿದೆ. 1946ರಲ್ಲಿ ಸ್ಥಾಪನೆಯಾದ 117 ಚದರ ಕಿಲೋಮೀಟರಿನ ಈ ಕಾಡು ನಗರಕ್ಕೆ ಅಂಟಿಕೊಂಡೇ ಇದೆ. ಬಹುಮಹಡಿ ಕಟ್ಟಡಗಳ ಹಿನ್ನೆಲೆಯಲ್ಲಿ ಜಿರಾಫೆ, ಖಡ್ಗಮೃಗ ಅಲ್ಲಿ ಕಾಣಸಿಗುತ್ತವೆ.

ಪೆಟ್ಟಿಗೆಯಲ್ಲಿ ಏನಿರಬೇಕು?

ಚಟ್ನಿಪುಡಿಗೊಂದು, ಚಪ್ಪಲಿಗೊಂದು, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ ಹುಡುಕುವುದು ನಮ್ಮ ಮನೆಗಳ ರೂಢಿ. ಕೆನ್ಯಾದಲ್ಲಿ ಅದು ಅಪರಾಧ. 2017ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಆ ದೇಶ ನಾಲ್ಕು ವರ್ಷಗಳವರೆಗಿನ ಜೈಲು ಶಿಕ್ಷೆಯನ್ನೂ ಭಾರಿ ದಂಡವನ್ನೂ ಗೊತ್ತುಮಾಡಿತು. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ಬಟ್ಟೆಯ ಚೀಲ, ಸ್ಟೀಲ್ ಬಾಟಲಿ ಇದಕ್ಕೆ ಪರಿಹಾರ.

ಆಫ್ರಿಕ ಎಂದರೆ ಸೆಕೆ ಎಂಬ ನಂಬಿಕೆಯೂ ಸುಳ್ಳು. ಸಮಭಾಜಕ ವೃತ್ತ ಕೆನ್ಯಾದ ನಡುವೆ ಹಾದುಹೋದರೂ ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ. ಬೆಂಗಳೂರಿನ ಎತ್ತರ 920 ಮೀಟರ್ ಮಾತ್ರ. ಜುಲೈ ರಾತ್ರಿಗಳಲ್ಲಿ ಸ್ವೆಟರ್ ಬೇಕೇ ಬೇಕು. ಕಾಡಿಗೆ ಕಂದು, ಬೂದು ಬಣ್ಣದ ಉಡುಪು ಒಳ್ಳೆಯದು. ನಿದ್ರಾರೋಗ ಹರಡಬಲ್ಲ ಸೆಟ್ಸಿ ನೊಣವನ್ನು ನೀಲಿ ಮತ್ತು ಕಪ್ಪು ಬಣ್ಣ ಸೆಳೆಯುತ್ತವೆ. ಅಂದರೆ ಹುಡುಗರ ಅಚ್ಚುಮೆಚ್ಚಿನ ನೀಲಿ ಜೀನ್ಸ್ ಅಲ್ಲಿಗೆ ಹೇಳಿಸಿದ್ದಲ್ಲ. ಸೈನಿಕರ ಸಮವಸ್ತ್ರದಂಥ ಮಚ್ಚೆಯ ಉಡುಪೂ ಬೇಡ. ಪೊಲೀಸರ ಪ್ರಶ್ನೆಗೆ ಗುರಿಯಾಗಬೇಕಾದೀತು. ಅಲ್ಲಿನ ವಿದ್ಯುತ್ ಪ್ಲಗ್ಗಿಗೆ ಚಪ್ಪಟೆಯ ಮೂರು ಕಡ್ಡಿಗಳಿರುವುದರಿಂದ ಅಡಾಪ್ಟರ್ ಮರೆಯಬಾರದು. ಕಾಡಿನಿಂದ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ಇದ್ದರೆ ನಿಶ್ಚಿಂತೆ.

ಏಳಕ್ಕೆ ಒಂದು ಗಂಟೆ!

‘ನಾಳೆ ಸಾ ಮೋಜಾ’ ಎಂದರೆ ಸ್ವಾಹಿಲಿಯಲ್ಲಿ ನಾಳೆ ಒಂದು ಗಂಟೆ. ಆದರೆ ಹಾಗೆಂದ ಚಾಲಕ ಬಂದು ನಿಲ್ಲುವುದು ಬೆಳಗಿನ ಏಳಕ್ಕೆ! ಸ್ವಾಹಿಲಿ ಜನ ದಿನದ ಗಂಟೆಗಳನ್ನು ಎಣಿಸುವುದು ಬೆಳಗಿನ ಆರರಿಂದ. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ತಟ್ಟನೆ ಅರ್ಥವಾಗುತ್ತಿತ್ತು. ಸಮಯ ಗೊತ್ತುಮಾಡುವಾಗ ‘ಸ್ವಾಹಿಲಿ ಗಂಟೆಯೋ, ಇಂಗ್ಲಿಷ್ ಗಂಟೆಯೋ’ ಎಂದು ಕೇಳಿಬಿಡುವುದು ಕ್ಷೇಮ. ಅಂದಹಾಗೆ ಕೆನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ.

ಭಾಷೆ ಪೂರ್ತಿ ಪರಕೀಯವೇನಲ್ಲ. ಅಲ್ಲಿಯೂ ಚಹಾ ‘ಚಾಯ್’, ಚಪಾತಿ ‘ಚಪಾತಿ’ಯೇ, ಗಾಡಿ ‘ಗಾರಿ’, ವಿಮೆ ‘ಬೀಮಾ’. ಹಿಂದೂ ಮಹಾಸಾಗರದ ವ್ಯಾಪಾರದ ಗಾಳಿ ಈ ಮಾತುಗಳನ್ನು ಹೊತ್ತು ತಂದಿತು. ಭಾರತೀಯರ ಹೋಟೆಲುಗಳು ನೈರೋಬಿ, ಮೊಂಬಾಸಗಳಲ್ಲಿ ಇರುವುದರಿಂದ ಸಸ್ಯಾಹಾರಿಗಳೂ ಉಪವಾಸ ಬೀಳಬೇಕಾಗಿಲ್ಲ.

ಹಳಿಯ ಕೆಳಗಿನ ಕಥೆ

ಮಕ್ಕಳನ್ನು ಕರೆದೊಯ್ದವರು ನೈರೋಬಿ-ಮೊಂಬಾಸ ರೈಲನ್ನು ತಪ್ಪಿಸಿಕೊಳ್ಳಬಾರದು. 2017ರಲ್ಲಿ ಆರಂಭವಾದ ಈ ಹೊಸ ರೈಲು ಸುಮಾರು ಐದಾರು ಗಂಟೆಗಳಲ್ಲಿ ಸಾವೊ ಕಾಡನ್ನು ದಾಟಿ ಕಡಲತೀರ ಸೇರಿಸುತ್ತದೆ. ಅದೃಷ್ಟವಿದ್ದರೆ ಕಿಟಕಿಯಲ್ಲೇ ಆನೆಗಳ ದರ್ಶನ. ಇದೇ ಸೀಮೆಯಲ್ಲಿ 1896ರಿಂದ 1901ರವರೆಗೆ ಬ್ರಿಟಿಷರು ಹಳೆಯ ರೈಲುಮಾರ್ಗ ಹಾಕಿಸಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ತಂದಿದ್ದರು. ಅವರಲ್ಲಿ ಸುಮಾರು 2,500 ಮಂದಿ ಮರಳಿ ಊರು ಕಾಣಲಿಲ್ಲ. ಸಾವೊ ಸೇತುವೆಯ ಕೆಲಸದಲ್ಲಿದ್ದವರನ್ನು 1898ರಲ್ಲಿ ಎರಡು ನರಭಕ್ಷಕ ಸಿಂಹಗಳು ಹೊತ್ತೊಯ್ದ ಕಥೆ ಪ್ರಸಿದ್ಧ. ಆದರೆ ಸಿಂಹದ ಬಾಯಿಗೆ ಬಿದ್ದವರಿಗಿಂತ ಜ್ವರ, ಆಮಶಂಕೆ, ಅಪಘಾತಗಳಿಗೆ ಬಲಿಯಾದವರೇ ಎಷ್ಟೋ ಪಾಲು ಹೆಚ್ಚು. ಆ ಕೂಲಿಗಳಿಗೆ ಲಸಿಕೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ.

ಇಂದು ಹೊರಡುವವರಿಗೆ ಎರಡೂ ಇವೆ. ಕ್ಯಾಲೆಂಡರ್ ತೆಗೆದು ಪ್ರಯಾಣದ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಒಂದು ತಿಂಗಳು ಹಿಂದಕ್ಕೆ ಎಣಿಸಬೇಕು. ಲಸಿಕೆ ಕೇಂದ್ರಕ್ಕೆ ಫೋನ್ ಮಾಡಬೇಕಾದ ದಿನ ಅದೇ.