ಕೋಳಿ, ಹಂದಿಗಳ ಆಹಾರ ಸಂಶೋಧನೆ: ಹೈನುಗಾರರು ತಿಳಿಯಬೇಕಾದದ್ದೇನು?

ನಮ್ಮ ಹಾಲು ಉತ್ಪಾದಕ ಸದಸ್ಯರಲ್ಲಿ ಹಲವರು ಹಸು, ಎಮ್ಮೆಗಳ ಜೊತೆಗೆ ಹಿತ್ತಲಲ್ಲಿ ಹತ್ತಿಪ್ಪತ್ತು ನಾಟಿ ಕೋಳಿಗಳನ್ನೋ ಗಿರಿರಾಜ ಕೋಳಿಗಳನ್ನೋ ಸಾಕುತ್ತಾರೆ. ಕೆಲವರು ಹಂದಿ ಸಾಕಣೆಯನ್ನೂ ಉಪಕಸುಬಾಗಿ ಮಾಡಿಕೊಂಡಿದ್ದಾರೆ. ಸಂಘದಿಂದ ತಂದ ಪಶು ಆಹಾರದ ಮೂಟೆ ಮನೆಯಲ್ಲಿದ್ದರೆ ಅದರಲ್ಲೇ ಎರಡು ಬೊಗಸೆ ಕೋಳಿಗೂ ಎರಚುವುದು, ಹಂದಿಯ ತೊಟ್ಟಿಗೂ ಸುರಿಯುವುದು ಅಲ್ಲಲ್ಲಿ ಕಂಡುಬರುತ್ತದೆ. ಹಸುವಿಗೆ ಒಳ್ಳೆಯದಾದದ್ದು ಕೋಳಿಗೂ ಒಳ್ಳೆಯದೇ ಎಂಬ ಭಾವನೆ ಇದಕ್ಕೆ ಕಾರಣ. ಅದೇ ಆಹಾರವನ್ನು ಎಳೆಗರುವಿನ ಮುಂದೆ ಇಡುವುದಂತೂ ಇನ್ನೂ ಹೆಚ್ಚು ನಷ್ಟದ ಕೆಲಸ. ಇದು ಏಕೆ ಸರಿಯಲ್ಲ ಎಂಬುದನ್ನು ಕೋಳಿ, ಹಂದಿಗಳ ಆಹಾರದ ಮೇಲೆ ನೂರು ವರ್ಷಗಳಿಗೂ ಮಿಗಿಲಾಗಿ ನಡೆದ ಸಂಶೋಧನೆಗಳು ತಿಳಿಸಿಕೊಟ್ಟಿವೆ.

ಕೋಳಿ ಕಲಿಸಿದ ಮೊದಲ ಪಾಠ

ಇಂದಿನ ಇಂಡೋನೇಷ್ಯಾದ ಜಕಾರ್ತ ಆಗ ಬಟಾವಿಯ ಎಂಬ ಹೆಸರಿನಲ್ಲಿ ಡಚ್ಚರ ಆಳ್ವಿಕೆಯಲ್ಲಿತ್ತು. ಅಲ್ಲಿ ಕ್ರಿಸ್ತಿಯಾನ್ ಐಕ್‌ಮನ್ ಎಂಬ ವೈದ್ಯರು 1890ರ ಸುಮಾರಿಗೆ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಪ್ರಯೋಗಕ್ಕೆಂದು ಇಟ್ಟಿದ್ದ ಕೋಳಿಗಳು ಕಾಲುಗಳ ಸ್ವಾಧೀನ ಕಳೆದುಕೊಂಡು ಬೀಳತೊಡಗಿದವು. ವಿಚಾರಿಸಿದಾಗ, ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದುದು ತಿಳಿಯಿತು. ತೌಡು ತೆಗೆಯದ ಅಕ್ಕಿಗೆ ಬದಲಾಯಿಸಿದ ಮೇಲೆ ಕೋಳಿಗಳು ಚೇತರಿಸಿಕೊಂಡವು. ತೌಡಿನಲ್ಲಿದ್ದ ಆ ವಸ್ತುವೇ ಇಂದು ಬಿ1 ಜೀವಸತ್ವ ಎಂದು ಕರೆಯಲಾಗುವ ಥಯಾಮಿನ್. ಈ ಕೆಲಸಕ್ಕಾಗಿ ಐಕ್‌ಮನ್‌ರಿಗೆ 1929ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ದೊಡ್ಡ ಹಸುವಿಗೆ ಹೊರಗಿನಿಂದ ಬಿ ಜೀವಸತ್ವ ಕೊಡಬೇಕಾದ ಸಂದರ್ಭ ಅಪರೂಪ. ಹಸು ಅದನ್ನು ತನ್ನ ಹೊಟ್ಟೆಯಲ್ಲೇ ತಯಾರಿಸಿಕೊಳ್ಳುತ್ತದೆ.

ಹಸುವಿನ ಹೊಟ್ಟೆ ಒಂದು ಕಾರ್ಖಾನೆ

ಹಸುವಿನ ಹೊಟ್ಟೆಗೆ ನಾಲ್ಕು ಭಾಗಗಳಿವೆ. ಮೊದಲನೆಯದಾದ ರೂಮೆನ್ ನೂರು ಲೀಟರಿಗೂ ಹೆಚ್ಚು ಹಿಡಿಯುವ ದೊಡ್ಡ ಚೀಲ. ಅದರಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು ಒಣಹುಲ್ಲಿನ ನಾರನ್ನು ಒಡೆಯುತ್ತವೆ, ಬಿ ಜೀವಸತ್ವಗಳನ್ನು ತಯಾರಿಸುತ್ತವೆ ಮತ್ತು ಯೂರಿಯಾದಂತಹ ಸಾಮಾನ್ಯ ವಸ್ತುವಿನಿಂದಲೂ ಸಸಾರಜನಕವನ್ನು ಕಟ್ಟುತ್ತವೆ. ನೊಬೆಲ್ ಬಹುಮಾನ ಪಡೆದ ಫಿನ್ಲೆಂಡಿನ ವಿಜ್ಞಾನಿ ವಿರ್ತಾನೆನ್ 1960ರ ದಶಕದಲ್ಲಿ ಸಸಾರಜನಕವೇ ಇಲ್ಲದ ಆಹಾರಕ್ಕೆ ಯೂರಿಯಾ ಮತ್ತು ಅಮೋನಿಯಂ ಲವಣ ಬೆರೆಸಿ ಹಸುಗಳನ್ನು ಸಾಕಿ, ಅವುಗಳಿಂದ ಹಾಲನ್ನೂ ಪಡೆದು ತೋರಿಸಿದರು. ಇದು ಪ್ರಯೋಗಶಾಲೆಯ ಎಚ್ಚರಿಕೆಯಲ್ಲಿ ನಡೆದ ಕೆಲಸ. ಯೂರಿಯಾವನ್ನು ಮನೆಯಲ್ಲಿ ಅಂದಾಜಿನಿಂದ ಬೆರೆಸಿದರೆ ಹಸು ಸಾಯುತ್ತದೆ ಎಂಬುದನ್ನು ಮರೆಯಬಾರದು.

ಕೋಳಿಗೂ ಹಂದಿಗೂ ಈ ಕಾರ್ಖಾನೆ ಇಲ್ಲ. ಅವುಗಳಿಗೆ ಬೇಕಾದದ್ದನ್ನು ತಯಾರಾದ ರೂಪದಲ್ಲೇ ಆಹಾರದಲ್ಲಿ ಒದಗಿಸಬೇಕು.

ಸಸಾರಜನಕದ ಒಳಗಿನ ಲೆಕ್ಕ

ಸಸಾರಜನಕ ಎಂಬುದು ಸುಮಾರು 20 ಬಗೆಯ ಅಮೈನೊ ಆಮ್ಲಗಳು ಸರಪಳಿಯಂತೆ ಸೇರಿ ಆದದ್ದು. ಬೆಳೆಯುವ ಹಂದಿಗೆ ಇವುಗಳಲ್ಲಿ ಸುಮಾರು 10 ಆಹಾರದಿಂದಲೇ ಬರಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಡಬ್ಲ್ಯೂ.ಸಿ. ರೋಸ್ 1935ರಲ್ಲಿ ಥ್ರಿಯೊನಿನ್ ಎಂಬ ಅಮೈನೊ ಆಮ್ಲವನ್ನು ಗುರುತಿಸಿದ ಮೇಲೆ ಈ ಪಟ್ಟಿ ಪೂರ್ಣಗೊಂಡಿತು.

ಇದನ್ನು ಬಡಗಿಯ ಕೆಲಸಕ್ಕೆ ಹೋಲಿಸಬಹುದು. ಒಂದು ಬಾಗಿಲಿಗೆ ನಾಲ್ಕು ಹಲಗೆ, ಮೂರು ಕೀಲು ಬೇಕು ಎನ್ನೋಣ. ಬಡಗಿಯ ಬಳಿ 40 ಹಲಗೆ, 15 ಕೀಲುಗಳಿದ್ದರೆ ಆಗುವುದು ಐದೇ ಬಾಗಿಲು. ಉಳಿದ 20 ಹಲಗೆ ದಂಡ. ಮೆಕ್ಕೆಜೋಳ ತಿನ್ನುವ ಹಂದಿಗೆ ಮೊದಲು ಕೊರತೆಯಾಗುವ ಕೀಲು ಲೈಸಿನ್. ಮೆಕ್ಕೆಜೋಳ, ಸೋಯಾ ಹಿಂಡಿ ತಿನ್ನುವ ಕೋಳಿಗೆ ಕೊರತೆಯಾಗುವುದು ಮೆಥಿಯೊನಿನ್. ಪುಕ್ಕ ಬೆಳೆಯಲು ಗಂಧಕವುಳ್ಳ ಅಮೈನೊ ಆಮ್ಲಗಳು ಹೆಚ್ಚು ಬೇಕಾಗುವುದೇ ಇದಕ್ಕೆ ಕಾರಣ.

ಬಳಕೆಯಾಗದೆ ಉಳಿದ ಅಮೈನೊ ಆಮ್ಲಗಳು ಸಾರಜನಕವಾಗಿ ಗೊಬ್ಬರ, ಮೂತ್ರ ಸೇರುತ್ತವೆ. ಕೋಳಿ ಮನೆಯಲ್ಲಿ ಕಣ್ಣು ಉರಿಸುವ ಅಮೋನಿಯಾ ವಾಸನೆ ಹುಟ್ಟುವುದು ಈ ಸಾರಜನಕದಿಂದಲೇ. ಅದರಲ್ಲಿ ನೀವು ಹಣ ಕೊಟ್ಟು ಕೊಂಡ ಹಿಂಡಿಯ ಪಾಲೂ ಇದೆ. ಬ್ರಿಟನ್ನಿನಲ್ಲಿ 1981ರ ಹೊತ್ತಿಗೆ ಲೈಸಿನ್ನನ್ನು 100 ಎಂದಿಟ್ಟುಕೊಂಡು ಉಳಿದವುಗಳ ಪ್ರಮಾಣ ನಿಗದಿ ಮಾಡುವ ‘ಆದರ್ಶ ಸಸಾರಜನಕ’ದ ಲೆಕ್ಕ ಬಳಕೆಗೆ ಬಂತು. ಕೊರತೆಯ ಅಮೈನೊ ಆಮ್ಲವನ್ನು ಸ್ವಲ್ಪ ಸೇರಿಸಿ, ಹಂದಿಯ ಆಹಾರದ ಒಟ್ಟು ಸಸಾರಜನಕವನ್ನು ನೂರಕ್ಕೆ 18ರಿಂದ 17ಕ್ಕೆ ಇಳಿಸಿದರೂ ಬೆಳವಣಿಗೆ ಕುಗ್ಗುವುದಿಲ್ಲ. ಹೊರಹೋಗುವ ಸಾರಜನಕ ಮಾತ್ರ ಶೇಕಡ 8ರಿಂದ 10ರಷ್ಟು ಕಡಿಮೆಯಾಗುತ್ತದೆ.

ಈ ಸಂಶೋಧನೆಯ ಫಲ ಹೊಲಕ್ಕೂ ಬಂತು. 1960ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಲೈಸಿನ್ ಹೆಚ್ಚಿರುವ ಮೆಕ್ಕೆಜೋಳ ಪತ್ತೆಯಾಯಿತು. ಅದರ ಕಾಳು ಮೆದುವಾಗಿದ್ದು ಇಳುವರಿ ಕಡಿಮೆಯಿತ್ತು. ಮೆಕ್ಸಿಕೋದಲ್ಲಿ ಕೆಲಸ ಮಾಡಿದ ಭಾರತೀಯ ಮೂಲದ ಸುರಿಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಯೇಗಾಸ್ ಈ ದೋಷಗಳನ್ನು ನೀಗಿಸಿ, 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದರು.

ಮೂಟೆಯ ಚೀಟಿಯಲ್ಲಿರುವ ಅಂಕಿ

ಪಶು ಆಹಾರದ ಮೂಟೆಯ ಮೇಲೆ ‘ಸಸಾರಜನಕ ಶೇಕಡ 20’ ಎಂದಿರುವುದನ್ನು ನೋಡಿ ಕೋಳಿಗೂ ಇದು ಸಾಕು ಎನ್ನುವವರಿದ್ದಾರೆ. ಆದರೆ ಈ ಅಂಕಿಯನ್ನು ಪಡೆಯುವುದು ಡೆನ್ಮಾರ್ಕಿನ ಕೆಲ್‌ಡಾಲ್ 1883ರಲ್ಲಿ ಕಂಡುಹಿಡಿದ ವಿಧಾನದಿಂದ. ಇದರಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಸಸಾರಜನಕ ಎಂದು ಬರೆಯಲಾಗುತ್ತದೆ. ಯೂರಿಯಾದಲ್ಲಿ ಶೇಕಡ 46 ಸಾರಜನಕವಿದೆ. ಆದ್ದರಿಂದ 100 ಕಿಲೋ ಆಹಾರದಲ್ಲಿ 1 ಕಿಲೋ ಯೂರಿಯಾ ಇದ್ದರೆ ಲೆಕ್ಕದಲ್ಲಿ ಸುಮಾರು 3 ಕಿಲೋ ಸಸಾರಜನಕ ಕಾಣಿಸುತ್ತದೆ. ಹಸುವಿಗೆ ಅದು ಉಪಯೋಗವೇ. ಕೋಳಿಗೆ ಅದರಿಂದ ಪ್ರಯೋಜನವಿಲ್ಲ, ಹೆಚ್ಚಾದರೆ ಕೇಡು. ಉಳಿದ ಸಸಾರಜನಕದಲ್ಲಿಯೂ ಲೈಸಿನ್, ಮೆಥಿಯೊನಿನ್‌ಗಳನ್ನು ಕೋಳಿಯ ಅಗತ್ಯಕ್ಕೆ ಹೊಂದಿಸಿರುವುದಿಲ್ಲ. ನಾರೂ ಕೋಳಿಗೆ ಅತಿಯಾಗುತ್ತದೆ.

ಹತ್ತಿಕಾಳು ಹಿಂಡಿಯ ವಿಷಯವೂ ಇಂಥದೇ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತುವನ್ನು ದೊಡ್ಡ ಹಸುವಿನ ರೂಮೆನ್ ಬಹುಮಟ್ಟಿಗೆ ನಿಷ್ಕ್ರಿಯಗೊಳಿಸುತ್ತದೆ. ಹಂದಿಗೆ ಅದು ಪ್ರಾಣಾಪಾಯ ತರಬಹುದು. ಮೊಟ್ಟೆ ಕೋಳಿಗೆ ಹಾಕಿದರೆ ಇಟ್ಟ ಮೊಟ್ಟೆಯ ಹಳದಿ ಭಾಗ ಹಸಿರು ಬಣ್ಣಕ್ಕೆ ತಿರುಗುತ್ತದೆ.

ಕೋಳಿ ಆಹಾರ ಹಸುವಿಗೆ ಬೇಡ

ಮೊಟ್ಟೆಯ ಚಿಪ್ಪಿಗಾಗಿ ಲೇಯರ್ ಕೋಳಿಗಳ ಆಹಾರದಲ್ಲಿ ಶೇಕಡ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಗಬ್ಬದ ಕೊನೆಯ ವಾರಗಳಲ್ಲಿ ಹಸುವಿಗೆ ಕ್ಯಾಲ್ಸಿಯಂ ಅತಿಯಾದರೆ ಕರು ಹಾಕಿದ ಮೇಲೆ ಹಾಲು ಜ್ವರ ಬರುವ ಸಂಭವ ಹೆಚ್ಚು. ನುಣ್ಣಗೆ ಬೀಸಿದ ಕಾಳು ಹೆಚ್ಚಿರುವ ಆಹಾರದಿಂದ ರೂಮೆನ್‌ನಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತದೆ. ಇದಲ್ಲದೆ ಕೋಳಿ, ಹಂದಿಗಳ ಆಹಾರದಲ್ಲಿ ಮಾಂಸ, ಮೂಳೆ, ರಕ್ತದ ಪುಡಿ ಇರಬಹುದು. ಬ್ರಿಟನ್ನಿನಲ್ಲಿ 1986ರಲ್ಲಿ ಪತ್ತೆಯಾದ ‘ಹುಚ್ಚು ಹಸು’ ರೋಗ ಇಂತಹ ಪುಡಿಯಿಂದ ಹರಡಿತು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿಯೂ ದನ, ಹಂದಿ ಮೂಲದ ಇಂತಹ ಪುಡಿ ಸೇರಿದ ಆಹಾರವನ್ನು ಹಾಲು ಕೊಡುವ ರಾಸುಗಳಿಗೆ ಹಾಕುವಂತಿಲ್ಲ.

ಎಳೆಗರುವಿಗೂ ಒಂದೇ ಹೊಟ್ಟೆ

ಹುಟ್ಟಿದ ಕರುವಿನ ರೂಮೆನ್ ಕೆಲಸ ಮಾಡುವುದಿಲ್ಲ. ಕುಡಿದ ಹಾಲು ನೇರವಾಗಿ ನಾಲ್ಕನೆಯ ಭಾಗಕ್ಕೆ ಹೋಗುತ್ತದೆ. ಎರಡು ಮೂರು ತಿಂಗಳವರೆಗೆ ಕರು ಆಹಾರದ ಮಟ್ಟಿಗೆ ಹಸುವಿಗಿಂತ ಹಂದಿಮರಿಗೇ ಹತ್ತಿರ. ಹಂದಿಮರಿಯಂತೆ ಅದಕ್ಕೂ ಲೈಸಿನ್ ಮೊದಲಾದವು ಹಾಲಿನಿಂದಲೋ ಉತ್ತಮ ಕರು ಆಹಾರದಿಂದಲೋ ಸಿಗಬೇಕು. ಹಾಲನ್ನೆಲ್ಲ ಸಂಘಕ್ಕೆ ಹಾಕಿ ಕರುವಿಗೆ ದೊಡ್ಡ ಹಸುವಿನ ಆಹಾರ ಇಟ್ಟರೆ, ಇಂದು ನಾಲ್ಕು ಕಾಸು ಉಳಿದಂತೆ ಕಂಡರೂ ಕರು ಬಡಕಲಾಗುತ್ತದೆ, ಕಡಸು ಬೆದೆಗೆ ಬರುವುದು ತಡವಾಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಹಸು, ಕರು, ಕೋಳಿ, ಹಂದಿಗಳ ಆಹಾರದ ಮೂಟೆಗಳನ್ನು ಬೇರೆ ಬೇರೆ ಇಡಿ. ಚೀಟಿಯನ್ನು ಓದಿ, ಯೂರಿಯಾ ಇದೆಯೇ ನೋಡಿ.

2. ಯೂರಿಯಾ ಬೆರೆತ ಆಹಾರವನ್ನು ಕೋಳಿ, ಹಂದಿಗಳಿಗೆ ಹಾಗೂ ಆರು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ. ಎಳೆಗರುಗಳಿಗೆ ಹತ್ತಿಕಾಳು ಹಿಂಡಿಯೂ ಬೇಡ.

3. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮುಂದೆ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗ ಹಾಲು ಕೊಡಿ. 30 ಕಿಲೋ ಕರುವಿಗೆ ಇದು 3 ಲೀಟರ್ ಆಗುತ್ತದೆ. ಎರಡನೆಯ ವಾರದಿಂದ ಕರು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ.

4. ಕೋಳಿ, ಹಂದಿಗಳಿಗೆ ಮನೆಯಲ್ಲೇ ಮಿಶ್ರಣ ಮಾಡುವವರು ಕಾಳಿನ ಜೊತೆ ಸೋಯಾ ಹಿಂಡಿ ಅಥವಾ ಒಣಮೀನಿನ ಪುಡಿ ಹಾಗೂ ಖನಿಜ ಮಿಶ್ರಣ ಸೇರಿಸಿ. ಪ್ರಮಾಣವನ್ನು ಪಶುವೈದ್ಯರಿಂದ ತಿಳಿದುಕೊಳ್ಳಿ.

5. ಬೂಷ್ಟು ಹಿಡಿದ ಕಾಳು, ಹಿಂಡಿಯನ್ನು ಯಾವ ಪ್ರಾಣಿಗೂ ಹಾಕಬೇಡಿ. ಅದರ ವಿಷ ಕೋಳಿಯನ್ನು ಕೊಲ್ಲುತ್ತದೆ. ಹಸುವಿನ ಹಾಲಿಗೂ ಇಳಿಯುತ್ತದೆ.

ಪ್ರಾಣಿಯ ಹೊಟ್ಟೆಯನ್ನು ಅರಿತು ಆಹಾರ ಕೊಟ್ಟರೆ ಖರ್ಚು ತಗ್ಗುತ್ತದೆ, ಇಳುವರಿ ಹೆಚ್ಚುತ್ತದೆ. ಸಂದೇಹವಿದ್ದಲ್ಲಿ ಸದಸ್ಯರು ತಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರನ್ನು ಕೇಳಿ ತಿಳಿಯಬಹುದು.