ಒಂಬತ್ತೂವರೆಗೆ ಆರು ಗಂಟೆ!

“ಬಾ ಪುಟ್ಟಿ, ಆರು ಗಂಟೆ ನೋಡಿಕೊಂಡು ಬರೋಣ” ಎಂದೆ.

“ತಾತ, ಈಗಿನ್ನೂ ಒಂಬತ್ತು!” ಎಂದಳು ಮೊಮ್ಮಗಳು. ನಾನು ಹೇಳಿದ್ದು ಗಡಿಯಾರದ ಗಂಟೆಯಲ್ಲ, ಬಾರಿಸುವ ಗಂಟೆ.

ಮಗನ ಸಂಸಾರ ಇರುವುದು ಚೆನ್ನೈನಲ್ಲಿ. ಪುಟ್ಟಿ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಓದು ಎಂದರೆ ಮಾತ್ರ ಓಡಿಹೋಗುತ್ತಾಳೆ.

ಹೈಕೋರ್ಟಿನ ಹತ್ತಿರ ಗಿಜಿಗುಟ್ಟುವ ಅರ್ಮೇನಿಯನ್ ಸ್ಟ್ರೀಟ್. ಅಲ್ಲಿನ ದೊಡ್ಡ ಬಾಗಿಲು ದಾಟಿದರೆ ಬೀದಿಯ ಸದ್ದು ಅಡಗಿಬಿಡುತ್ತದೆ. ಒಳಗೆ ಮರಗಳು, ಕಾಲಡಿಯಲ್ಲೇ ಸಮಾಧಿಗಳ ಕಲ್ಲುಹಾಸು, 1772ರ ಸಂತ ಮೇರಿ ಚರ್ಚು. ಕಟ್ಟಿದವರು ವ್ಯಾಪಾರಕ್ಕೆಂದು ಪರ್ಷಿಯದ ಕಡೆಯಿಂದ ಬಂದು ನೆಲೆಸಿದ ಅರ್ಮೇನಿಯನ್ನರು, ಆರ್ಥೊಡಾಕ್ಸ್ ಪಂಥದವರು. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ ಮೊದಲು ಸೇತುವೆ ಕಟ್ಟಿಸಿದ ಪೆಟ್ರಸ್ ಉಸ್ಕಾನ್ ಕೂಡ ಅರ್ಮೇನಿಯನ್ನನೇ.

ಗಂಟೆಗೋಪುರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯೇ ನಿಂತಿದೆ. ಅದರಲ್ಲಿ ಆರು ಗಂಟೆಗಳು, ಒಂದೊಂದೂ ಸುಮಾರು 150 ಕಿಲೋ. ಎರಡರ ಮೇಲೆ ಲಂಡನ್ನಿನ ಥಾಮಸ್ ಮಿಯರ್ಸ್ ಹೆಸರು, ಇನ್ನೊಂದರ ಮೇಲೆ ತಮಿಳು ಅಕ್ಷರ! ಭಾನುವಾರ ಒಂಬತ್ತೂವರೆಗೆ ಅವು ಮೊಳಗಿದವು. ಪುಟ್ಟಿ ಕಿವಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಸುತ್ತ ನೋಡಿ, “ಪ್ರಾರ್ಥನೆಗೆ ಯಾರೂ ಬರಲೇ ಇಲ್ವಲ್ಲ ತಾತ?” ಎಂದಳು.

ಬರಲು ಜನ ಎಲ್ಲಿ? ಅರ್ಮೇನಿಯನ್ನರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದಾರೆ. ವಾರವಾರದ ಪೂಜೆ ನಿಂತು ಹೋಗಿದೆ. ಗಂಟೆ ಮಾತ್ರ ನಿಂತಿಲ್ಲ.

ನಾನು ನೋಡಬೇಕೆಂದಿದ್ದದ್ದು ಪಾದ್ರಿ ಹರೂತ್ಯೂನ್ ಶ್ಮವೋನಿಯನ್ ಅವರ ಸಮಾಧಿ. ಅವರು ಪರ್ಷಿಯದ ಶಿರಾಜ್‌ನವರು. ಅಲ್ಲಿ ಒಂದೇ ವಾರದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡರು. ಆ ಸಂಕಟ ಹೊತ್ತೇ ಮದರಾಸಿಗೆ ಬಂದವರು ಇಲ್ಲಿ ಅಚ್ಚುಕೂಟ ಇಟ್ಟರು, 1794ರಲ್ಲಿ ‘ಅಜ್ದರಾರ್’ ಎಂಬ ಮಾಸಪತ್ರಿಕೆ ತಂದರು. ಅರ್ಮೇನಿಯನ್ ಭಾಷೆಯಲ್ಲಿ ಜಗತ್ತಿನ ಮೊಟ್ಟಮೊದಲ ಪತ್ರಿಕೆ ಅದು. ಹುಟ್ಟಿದ್ದು ಅರ್ಮೇನಿಯದಲ್ಲಲ್ಲ, ಮದರಾಸಿನಲ್ಲಿ! ಅದರಲ್ಲಿ ತಮ್ಮವರ ಸುದ್ದಿ, ಹಡಗು ಬಂದ ಸುದ್ದಿ ಎಲ್ಲ ಇರುತ್ತಿದ್ದವು. ಚಂದಾದಾರರು ತೀರಾ ಕಡಿಮೆ ಇದ್ದರು. 1796ರಲ್ಲಿ ನಿಂತುಹೋಯಿತು.

“ಅಷ್ಟೇ ಜನಕ್ಕೆ ಯಾಕೆ ಪ್ರಿಂಟ್ ಮಾಡಿದ್ರು?”

“ಮಕ್ಕಳು ಮನೆಮಾತು ಮರೆತುಬಿಟ್ಟರೆ ಅನ್ನೋ ಭಯ ಇತ್ತೇನೋ ಕಣೇ.”

ಪುಟ್ಟಿ ಏನೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಚೀಲಕ್ಕೆ ಕೈಹಾಕಿ, ನಾನು ಊರಿಂದ ತಂದಿದ್ದ ಮಕ್ಕಳ ಪತ್ರಿಕೆ ತೆಗೆದಳು. ಬೆರಳಿಟ್ಟು ಎರಡು ಸಾಲು ಓದಿದಳು. ಮೂರನೆಯದರಲ್ಲಿ ‘ವಿಜ್ಞಾನಿ’ ಬಂತು.

“ತಾತ, ಇದ್ಯಾವ ಒತ್ತಕ್ಷರ?”